ಹೋಗುವ ಗಾಳಿಗೆ ಫ್ಯಾನು, ಬರುವ ಗಾಳಿಗೆ ಬೀಗ

ಗಾಳಿಯ ಮರ್ಮ ಚನ್ನಗಿರಿಯ ಅಡಿಕೆ ಬೆಳೆಗಾರನಿಗೆ ಗೊತ್ತಿದ್ದಷ್ಟು ಯಾವ ಎಂಜಿನಿಯರಿಗೂ ಗೊತ್ತಿಲ್ಲ. ಅಡಿಕೆಗೆ ಬೂಸ್ಟು ಹಿಡಿದೀತೆಂದು ಶೆಡ್ಡಿನ ಎರಡೂ ಬದಿ ತೆರೆದಿಡುತ್ತಾನೆ. ಅದೇ ಅಡಿಕೆ ಒಳ್ಳೆ ರೇಟಿಗೆ ಹೋಗಿ ಹೊಸ ಮನೆ ಎದ್ದಿತೆನ್ನಿ, ಅಡಿಕೆಗಿದ್ದ ಮರ್ಯಾದೆ ಹೆಂಡತಿ ಮಕ್ಕಳಿಗಿಲ್ಲ. ಗಾಜಿನ ಕಿಟಕಿಗೆ ಪರದೆ, ಪರದೆಗೆ ಮತ್ತೊಂದು ಪರದೆ. ಅಡುಗೆಮನೆಯಲ್ಲಿ ಮಾತ್ರ ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುವ ಚಿಮಣಿ!

ಲೆಕ್ಕ ಹಾಕಿ ನೋಡಿ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯ ಅಡುಗೆಮನೆಯಲ್ಲಿ ಹಿಡಿಸುವುದೇ ಸುಮಾರು 28 ಘನ ಮೀಟರ್. ಅಷ್ಟನ್ನೂ ಗಂಟೆಗೆ ನಲವತ್ತು ಸಲ ಹೊರಗೆ ದಬ್ಬಬೇಕಾದರೆ ನಲವತ್ತು ಸಲ ಹೊಸ ಗಾಳಿ ಒಳಗೆ ಬರಬೇಕು. ಎಲ್ಲಿಂದ ಬರಬೇಕು? ಚಿಮಣಿ ಭೋರಿಡುತ್ತದೆ, ಒಗ್ಗರಣೆ ಘಾಟು ಇದ್ದಲ್ಲೇ ಇರುತ್ತದೆ. ಕೊನೆಗೆ ಗಾಳಿಗೆ ಸಿಗುವ ದಾರಿ ಒಂದೇ, ನೀರಾರಿದ ಬಚ್ಚಲ ಟ್ರ್ಯಾಪು. ಘಾಟಿನ ಜೊತೆ ಮೋರಿಯ ಪರಿಮಳ ಬೋನಸ್ಸು.

ಹೊನ್ನಾಳಿಗೆ ತುಂಗಭದ್ರೆ ಮೇಲಿಂದ ಗಾಳಿ ಪುಕ್ಕಟೆ ಬರುತ್ತದೆ. ಪುಕ್ಕಟೆ ಬಂದದ್ದಕ್ಕೆ ಕಿಮ್ಮತ್ತೇ? ಸೊಳ್ಳೆಯ ನೆಪ ಹೇಳಿ ಸಂಜೆಗೇ ಕಿಟಕಿ ಬಂದ್. ನ್ಯಾಮತಿ ತಾಲ್ಲೂಕಾಯಿತು, ಸೈಟಿನಲ್ಲಿ ಅಡಿ ಜಾಗ ಬಿಡಲೂ ಈಗ ಕರುಳು ಕಿತ್ತು ಬರುತ್ತದೆ. ಗೋಡೆ ಗೋಡೆಯ ನಡುವಿನ ಗೇಣು ಸಂದಿಗೆ ಎರಡೂ ಮನೆಯ ಎಕ್ಸಾಸ್ಟ್ ಫ್ಯಾನು ಎದುರುಬದುರು. ನಮ್ಮ ಹೊಗೆ ಅವರಿಗೆ, ಅವರ ಹೊಗೆ ನಮಗೆ. ಜಗಳೂರಿನ ಹಳೇ ಮಾಳಿಗೆ ಮನೆಯಲ್ಲಿ ಬಿಸಿಗಾಳಿ ಗವಾಕ್ಷಿಯಿಂದ ಮೇಲೆ ಹೋಗುತ್ತಿತ್ತು, ತಂಪುಗಾಳಿ ಬಾಗಿಲಿಂದ ಒಳಗೆ ಬರುತ್ತಿತ್ತು, ಕರೆಂಟ್ ಬಿಲ್ ಬರುತ್ತಿರಲಿಲ್ಲ. ಮೊಮ್ಮಗನ ಆರ್‌ಸಿಸಿಯಲ್ಲಿ ಮೂರನೆಯದು ಮಾತ್ರ ಬರುತ್ತದೆ.

ಒಣ ಸೆಕೆಯ ಸೀಮೆಯಲ್ಲಿ ಕೋಣೆಯ ನೆಲದ ಹತ್ತರಲ್ಲೊಂದು ಭಾಗದಷ್ಟಾದರೂ ಕಿಟಕಿ ಇರಲಿ ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದನ್ನು ಓದುವವರಾರು? ನಾವು ಕೇಳುವುದು ವಾಸ್ತುವನ್ನು. ಒಲೆ ಆಗ್ನೇಯದಲ್ಲಿ ಕೂತರಾಯಿತು; ಹೊಗೆಯ ದಿಕ್ಕು ಯಾವುದೆಂದು ಯಾವ ಶಾಸ್ತ್ರಿಗಳೂ ಹೇಳಿಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡಿಗೆ ಜೀವ ಕಳಕೊಂಡವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಓದಿ ಲೊಚಗುಟ್ಟಿ, ಎದ್ದು ಹೋಗಿ ಕಿಟಕಿ ಹಾಕಿಕೊಳ್ಳುತ್ತೇವೆ.

ಮದ್ದು ದೊಡ್ಡದೇನಲ್ಲ. ಚಿಮಣಿ ಹಾಕುವಾಗ ಎದುರು ಕಿಟಕಿ ನಾಲ್ಕು ಬೆರಳು ತೆರೆಯಿರಿ. ಬಚ್ಚಲ ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದು ಬಿಡಿಸಿ. ಆದರೆ ಸಂದಿಗೆ ರಿಮೋಟಿಲ್ಲ, ವಾರಂಟಿಯಿಲ್ಲ. ಗೃಹಪ್ರವೇಶಕ್ಕೆ ಬಂದ ಬೀಗರ ಮುಂದೆ ಅದರ ರೇಟು ಹೇಳಿಕೊಳ್ಳುವುದಾದರೂ ಹೇಗೆ?