ಮಂತ್ರವಾದಿಗೆ ಒಂದೇ ಮಂತ್ರ

"ಮಾಮಾ, ನಿಮ್ಮ ಕ್ಲಾಸ್ ಯಾವ್ದು?" ಅಂತ ಪುಣೆಯಿಂದ ಸೂಟಿಗೆ ಬಂದಿದ್ದ ತಂಗಿಯ ಮಗ ಕೇಳಿದ. ನಾನು ತುಸು ಸಂಕೋಚ, ತುಸು ಹೆಮ್ಮೆ ಬೆರೆಸಿ, "ಬಿ.ಕಾಂ. ಸೆಕೆಂಡ್ ಕ್ಲಾಸ್. ಎರಡ ಮಾರ್ಕಿನಾಗ ಫಸ್ಟ್ ಕ್ಲಾಸ್ ತಪ್ಪಿತು" ಅಂದೆ. ಒಳಗಿಂದ ನಮ್ಮಾಕೆ, "ಈ ಎರಡ ಮಾರ್ಕಿನ ಪುರಾಣ ಮದುವಿ ಆದಾಗಿಂದ ಕೇಳಾಕತ್ತೀನಿ" ಅಂದಳು. ಹುಡುಗ ಹಣೆ ಹಣೆ ಬಡಿದುಕೊಂಡ. ಅವನು ಕೇಳಿದ್ದು ಆಟದ ಕ್ಲಾಸು.

ವಿಜಯಪುರದ ಮೇ ತಿಂಗಳು ಗೊತ್ತಲ್ಲ. ಮಧ್ಯಾಹ್ನ ಗೋಳಗುಮ್ಮಟವೂ ನೆರಳು ಹುಡುಕುತ್ತಿರುತ್ತದೆ. ಕರೆಂಟು ಬೇರೆ ಹೋಗಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ಹುಡುಗ ಚೀಲದಿಂದ ದಾಳ ಸುರಿದ. ನಾನು ಕಂಡದ್ದು ಪಗಡೆಯ ದಾಳ, ಕವಡೆ, ಹೆಚ್ಚೆಂದರೆ ಲೂಡೋದ್ದು. ಇವನ ಹತ್ತಿರ ಎಂಟು ಮುಖದ್ದು, ಇಪ್ಪತ್ತು ಮುಖದ್ದು, ನಾಲ್ಕು ಮುಖದ್ದು ಎಲ್ಲ ಇದ್ದವು. ನಾಲ್ಕು ಮುಖದ್ದು ಹೇಗೆ ಬಿದ್ದರೂ ಒಂದು ಚೂಪು ಮೇಲೆ ಮಾಡಿಯೇ ಕೂರುತ್ತದೆ, ಥೇಟ್ ನೆಗ್ಗಿನಮುಳ್ಳು. ಇದು ನನಗೆ ಹೇಗೆ ತಿಳಿಯಿತು ಅಂದರೆ, ನೀರು ಕುಡಿಯಲು ಎದ್ದವನು ಅದನ್ನೇ ತುಳಿದೆ. ಆಟ ಶುರುವಾಗುವ ಮೊದಲೇ ಗಾಯಗೊಂಡ ಆಟಗಾರ ನಾನೊಬ್ಬನೇ ಇರಬೇಕು.

ಆಟದ ಹೆಸರು 'ಡಂಜನ್ಸ್ ಆ್ಯಂಡ್ ಡ್ರಾಗನ್ಸ್'. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನುವ ಇಬ್ಬರು ಮೂರು ಸಣ್ಣ ಪುಸ್ತಕ ಮಾಡಿ ಡಬ್ಬಿಯಲ್ಲಿಟ್ಟು ಮಾರಿದರಂತೆ. ಮೊದಲು ಅಚ್ಚು ಹಾಕಿದ್ದು ಬರೀ 1000 ಪ್ರತಿ. ಬೋರ್ಡಿಲ್ಲ, ಕಾಯಿಲ್ಲ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ "ನಾನು ಹಿಂಗ ಮಾಡ್ತೀನಿ" ಅನ್ನುತ್ತ ಹೋಗುವುದು. ನನಗೆ ಪಾರಿಜಾತದ ಆಟ ನೆನಪಾಯಿತು. ಅಲ್ಲಿ ಭಾಗವತ ಎದುರು ನಿಂತು ಒಂದೊಂದು ಪಾತ್ರವನ್ನು ಮಾತಾಡಿಸಿ ಕತೆ ಮುಂದೆ ನೂಕುತ್ತಾನಲ್ಲ, ನಮ್ಮ ಹುಡುಗನದೂ ಅದೇ ಉದ್ಯೋಗ. ಸತ್ಯಭಾಮೆಯ ಬದಲು ಇಲ್ಲಿ ಅಸ್ಥಿಪಂಜರ ಬರುತ್ತವೆ, ಅಷ್ಟೇ.

ಮೊದಲಿಗೆ ಇದ್ದ ಕ್ಲಾಸುಗಳು ಮೂರೇ: ಕಾಳಗದವ, ಮಂತ್ರವಾದಿ, ಪೂಜಾರಿ. ತಿಕೋಟಾದಿಂದ ಮಣೂಕದ ಡಬ್ಬಿ ಹಿಡಿದುಕೊಂಡು ಬಂದಿದ್ದ ನಮ್ಮ ಕಾಕಾನ ಮಗ ಮೈಕಟ್ಟು ನೋಡಿಯೇ ಕಾಳಗದವನಾದ. ದಾಳ ಉರುಳಿಸಿದಾಗ ನನಗೆ ಶಕ್ತಿ 6, ಬುದ್ಧಿ 13 ಬಂತು. ನಮ್ಮಾಕೆ ದಾಳವನ್ನು ಕೈಗೆತ್ತಿಕೊಂಡು ಸಂಶಯದಿಂದ ತಿರುಗಿಸಿ ನೋಡಿದಳು. ಇರಲಿ. ನಾನು ಮಂತ್ರವಾದಿ, ಅವಳು ಪೂಜಾರಿ.

ಮಂತ್ರವಾದಿ ಅಂದಕೂಡಲೇ ನಾನು ಗಡ್ಡ ನೀವಿಕೊಂಡಿದ್ದೆ. ಪಟ್ಟಿ ಓದಿದ ಮೇಲೆ ಇಳಿದುಹೋದೆ. ಕವಚ ತೊಡುವಂತಿಲ್ಲ. ಕತ್ತಿ ಹಿಡಿಯುವಂತಿಲ್ಲ, ಕಿರುಗತ್ತಿ ಮಾತ್ರ. ಜೀವ ಎಷ್ಟು ಗಟ್ಟಿ ಅನ್ನುವುದಕ್ಕೆ ಕಾಳಗದವನಿಗೆ ಎಂಟು ಮುಖದ ದಾಳ, ನನಗೆ ಅದೇ ನೆಗ್ಗಿನಮುಳ್ಳು. ಹೋಗಲಿ, ಮಂತ್ರವಾದರೂ? ಮೊದಲ ಮೆಟ್ಟಿಲಲ್ಲಿ ದಿನಕ್ಕೆ ಒಂದೇ. ಅದನ್ನೂ ಒಮ್ಮೆ ಹೇಳಿದರೆ ತಲೆಯಿಂದ ಅಳಿಸಿಹೋಗುತ್ತದೆ. ಮತ್ತೆ ಪುಸ್ತಕ ತೆಗೆದು ಬಾಯಿಪಾಠ ಮಾಡಬೇಕು. ಜ್ಯಾಕ್ ವ್ಯಾನ್ಸ್ ಅನ್ನುವ ಕತೆಗಾರನಿಂದ ಎತ್ತಿಕೊಂಡ ಕಲ್ಪನೆಯಂತೆ. ನನ್ನ ಬಿ.ಕಾಂ. ಪರೀಕ್ಷೆಯ ಪದ್ಧತಿಯೂ ಇದೇ ಆಗಿತ್ತು, ವ್ಯಾನ್ಸ್ ಸಾಹೇಬರನ್ನು ಓದದೆಯೇ.

ಪೂಜಾರಿಯ ಹುಟ್ಟು ಇನ್ನೂ ಚಂದ. ಆರ್ನೆಸನ್ನನ ಗುಂಪಿನಲ್ಲಿ ಒಬ್ಬ ಆಟಗಾರ ಸರ್ ಫ್ಯಾಂಗ್ ಅನ್ನುವ ರಕ್ತಹೀರುವ ಪಿಶಾಚಿಯಾಗಿ ಯಾರ ಕೈಗೂ ಸಿಗದಷ್ಟು ಬೆಳೆದುಬಿಟ್ಟನಂತೆ. ಅವನನ್ನು ಹದ್ದಿನಲ್ಲಿಡಲು ಸಿನಿಮಾದ ಪಿಶಾಚಿ ಬೇಟೆಗಾರರ ಮಾದರಿಯಲ್ಲಿ ಪೂಜಾರಿಯನ್ನು ಹುಟ್ಟಿಸಿದರು. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವನಿಗೆ ಇದು ಹೊಸದಲ್ಲ. ಯಾರೋ ಒಬ್ಬನ ಕಿತಾಪತಿಗೆ ಊರಿಗೆಲ್ಲ ಒಂದು ಹೊಸ ರಿಜಿಸ್ಟರು ಬರುತ್ತದೆ. ಆ ಪುಣ್ಯಾತ್ಮ ರಿಟೈರಾದ ಮೇಲೂ ರಿಜಿಸ್ಟರು ಉಳಿಯುತ್ತದೆ.

ಆ ಪೂಜಾರಿಗೂ ಒಂದು ಕಟ್ಟು: ಅಲಗಿರುವ ಆಯುಧ ಮುಟ್ಟಕೂಡದು, ಗದೆ ಬಡಿಗೆ ಮಾತ್ರ. ಇದನ್ನು ಕೇಳಿ ನಮ್ಮಾಕೆಯ ಕಣ್ಣು ಮಿಂಚಿದವು. ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ನೋಡಿ, ಪಾತ್ರ ಕಟ್ಟುವುದು 'ಬರುತ್ತದೆ'ಯಿಂದಲ್ಲ, 'ಕೂಡದು'ವಿನಿಂದ. ಬಬಲೇಶ್ವರದ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಸಣ್ಣವನಿದ್ದಾಗ ಬಡಿಗೇರ ಅಜ್ಜ ಬಂದು ಕೂರಿಗೆ ರಿಪೇರಿ ಮಾಡುತ್ತಿದ್ದ. ಕಟ್ಟಿಗೆಯನ್ನು ಕಣ್ಣಿಗೆ ಹಿಡಿದು ಒಂದು ಕೂದಲೆಳೆ ಸೊಟ್ಟವಿದ್ದರೂ ಹೇಳುವವನು, ಕುಳ ಸಡಿಲಾಗಿದೆ ಅಂದರೆ ಕೈ ಕೊಡವಿ ಎದ್ದುಬಿಡುತ್ತಿದ್ದ. "ಕಬ್ಬಣ ನಂದಲ್ಲಪಾ, ಕಮ್ಮಾರನ್ನ ಕರೀರಿ." ಕಮ್ಮಾರ, ಕುಂಬಾರ, ನಾವಿಗ, ಅಗಸ ಅಂತ ಹನ್ನೆರಡು ಆಯಗಾರರ ಲೆಕ್ಕ, ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ಅವರವರ ಆಯ ಒಯ್ಯುತ್ತಿದ್ದರು. ಒಬ್ಬನ ಕೈಲಾಗದ್ದು ಇನ್ನೊಬ್ಬನ ಅನ್ನ. ಆದರೆ ಅಲ್ಲಿ ಕ್ಲಾಸನ್ನು ಆರಿಸಿಕೊಳ್ಳುವ ಮಾತೇ ಇರಲಿಲ್ಲ, ತೊಟ್ಟಿಲಲ್ಲೇ ಕಟ್ಟಿಬಿಡುತ್ತಿದ್ದರು. ಆಟದಲ್ಲೂ ಈ ವಾಸನೆ ಇತ್ತಂತೆ: 1974ರ ಪುಸ್ತಕದಲ್ಲಿ ಕುಳ್ಳರ ಕುಲದವನು ಕಾಳಗದವನೇ ಆಗಬೇಕು, ಆರನೇ ಮೆಟ್ಟಿಲು ದಾಟಕೂಡದು. 1981ರ ಆವೃತ್ತಿಗೆ ಬರುವಷ್ಟರಲ್ಲಿ ಆ ಕುಲವೇ ಒಂದು ಕ್ಲಾಸು! ಬಸವಣ್ಣನ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ, ಆಟ ಮಾಡಿದವರು ಒಮ್ಮೆ ಬಂದು ಹೋಗಿದ್ದರೆ ಆಗುತ್ತಿತ್ತು ಅಂತ ನಾನೆಂದರೆ, ಹುಡುಗ "ಮಾಮಾ, ಆಟ ಆಡೂಣು" ಅಂದ.

ಕಳ್ಳನ ವಿಷಯ ಬಿಟ್ಟೆ. ಅವನು ಬಂದದ್ದು 1975ರಲ್ಲಿ, 'ಗ್ರೇಹಾಕ್' ಅನ್ನುವ ಪುರವಣಿಯಲ್ಲಿ. ಪಕ್ಕದ ಮನೆಯ ಹುಡುಗಿ ಹಟ ಹಿಡಿದು ಅದನ್ನೇ ತಗೊಂಡಳು. ಬೀಗ ತೆಗೆಯುವುದು, ಸದ್ದಿಲ್ಲದೆ ನಡೆಯುವುದು ಕಳ್ಳನ ವಿದ್ಯೆ. ಹಾಗಾದರೆ ಮೊದಲಿನ ಒಂದು ವರ್ಷ ಉಳಿದವರೆಲ್ಲ ಬೂಟು ಬಡಿಯುತ್ತಲೇ ನಡೆದರೇ? ಇಲ್ಲ, ಎಲ್ಲರೂ ಹೇಗೋ ಬೆಕ್ಕಿನ ಹೆಜ್ಜೆ ಇಡುತ್ತಿದ್ದರು. ಅದಕ್ಕೊಬ್ಬ ಪರಿಣತ ಬಂದ ಮೇಲೆ ಮಿಕ್ಕವರಿಗೆ ಅದು ಮರೆತುಹೋಯಿತು. ಕಾಕಾನ ಮಗ ತಲೆದೂಗಿದ. ಅವನ ಅಪ್ಪ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿಯನ್ನು ತಾವೇ ಕತ್ತರಿ ಹಿಡಿದು ಮಾಡುತ್ತಿದ್ದರು. ಈಗ ಇವನು ಅಕ್ಟೋಬರ್ ಬಂತೆಂದರೆ ಚಾಟ್ನಿ ಗ್ಯಾಂಗಿನವರ ಫೋನಿಗೆ ಕಾಯುತ್ತ ಕೂರುತ್ತಾನೆ. "ಕತ್ತರಿ ಮನ್ಯಾಗ ಐತಿ, ಕೈ ಬರೂದಿಲ್ಲ" ಅಂದ.

ಆಟ ನಡೆದದ್ದು ಗೋಳಗುಮ್ಮಟದ ನೆಲಮಾಳಿಗೆಯಲ್ಲಿ. ಹುಡುಗನ ಮರ್ಜಿ. ಕಳ್ಳಿ ಮೊದಲು ಗುಮ್ಮಟದೊಳಗೆ ಹೋಗಿ ನೋಡಿಬರುತ್ತೇನೆ ಅಂದಳು. ಅಲ್ಲಿ ಪಿಸುಗುಟ್ಟಿದರೂ ಸುತ್ತು ಹೊಡೆದು ಕೇಳಿಸುತ್ತದೆ ಅನ್ನುವುದು ಶಾಲೆಯ ಟ್ರಿಪ್ಪಿನಲ್ಲಿ ಬಂದ ಕೂಸಿಗೂ ಗೊತ್ತು. ಅವಳ ಒಂದು ಸೀನು ಏಳು ಸೀನಾಗಿ ಇಳಿಯಿತು. ಇನ್ನು ನೆರಳಲ್ಲಿ ಅಡಗೋಣವೆಂದರೆ ಹೊಸ ಕಳ್ಳರಿಗೆ ಅದು ನೂರಕ್ಕೆ ಹತ್ತು ಸಲ ಮಾತ್ರ ದಕ್ಕುವ ವಿದ್ಯೆ. ಕತ್ತಲಲ್ಲಿ ಏನೋ ಪಟಪಟ ಅಂದಿತು. ನಾನು ಗಾಬರಿಯಾಗಿ ಇದ್ದೊಂದು ನಿದ್ರಾಮಂತ್ರವನ್ನು ಹೇಳಿಬಿಟ್ಟೆ. ಒಂದು ಬಾವಲಿ ಗೊರಕೆ ಹೊಡೆಯುತ್ತ ಕೆಳಗೆ ಬಿತ್ತು.

ಅದರ ಹಿಂದೆಯೇ ಅಸ್ಥಿಪಂಜರಗಳು. ನಮ್ಮಾಕೆ ಕೂತಲ್ಲಿಂದಲೇ, "ನಡೀರಿ ಆ ಕಡೆ!" ಅಂದಳು. ಇಂಥವನ್ನು ಗದರಿಸಿ ಓಡಿಸುವುದು ಪೂಜಾರಿಯ ವಿದ್ಯೆ. ಏಳು ಬಿದ್ದರೆ ಸಾಕಿತ್ತು, ಎರಡು ದಾಳ ಸೇರಿ ಒಂಬತ್ತು ಬಿತ್ತು, ಓಡಿಹೋದವು. ಆ ದನಿಗೆ ನಾನೇ ಇಷ್ಟು ವರ್ಷ ಓಡಿದ್ದೇನೆ, ಎಲುಬುಗಳ ಪಾಡೇನು? ಗಲಾಟೆಯಲ್ಲಿ ನನ್ನ ಕಾಲಿಗೊಂದು ಇಲಿ ಕಚ್ಚಿತು. ನನ್ನ ಜೀವ ಇದ್ದದ್ದು ಎರಡು. ಇಲಿ ತೆಗೆದದ್ದೂ ಎರಡು.

ಅಷ್ಟರಲ್ಲಿ ಕರೆಂಟು ಬಂತು, ಸಂಜೆಯ ಅಡಿಗೆಯ ಹೊತ್ತೂ ಆಯಿತು. ನಮ್ಮಾಕೆ ಒಂದು ಬುಟ್ಟಿ ಉಳ್ಳಾಗಡ್ಡಿ, ಈಳಿಗೆ ತಂದು ನನ್ನ ಮುಂದಿಟ್ಟಳು.

"ನಾ ಪೂಜಾರಿ. ಅಲಗು ಮುಟ್ಟಂಗಿಲ್ಲ."

"ನಾ ಸತ್ತೀನಲ್ಲ" ಅಂದೆ.

"ಸತ್ತೋರು ಹೊಸಾ ಪಾತ್ರ ಮಾಡ್ಬೇಕು ಮಾಮಾ" ಅಂತ ಹುಡುಗ ಆಗಲೇ ದಾಳ ಉರುಳಿಸಿದ್ದ. ಶಕ್ತಿ 15. ಕಾಳಗದವ, ಅವನಿಗೆ ಎಲ್ಲ ಆಯುಧವೂ ನಡೆಯುತ್ತದೆ. ಆ ಕ್ಲಾಸಿನ ಮೊದಲ ಮೆಟ್ಟಿಲಿನವನಿಗೇ ಪುಸ್ತಕದಲ್ಲಿ 'ವೆಟರನ್' ಅಂತ ಬಿರುದಿದೆಯಂತೆ. ನಾನು ಈಳಿಗೆಯ ಮಣೆಯ ಮೇಲೆ ಕಾಲೂರಿ ಮೊದಲ ಉಳ್ಳಾಗಡ್ಡಿಯ ಸಿಪ್ಪೆ ಸುಲಿದೆ.