ಬೀಗದ ರಾಯರು

ಮೈಸೂರಿನ ಯಾವ ಬಡಾವಣೆಗೆ ಹೋದರೂ ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಿಗೆ ಬರವಿಲ್ಲ. ಅವರ ಪೈಕಿ ಬೀಗದ ಖಯಾಲಿಯವರು ಬೀದಿಗೊಬ್ಬರಾದರೂ ಇರುತ್ತಾರೆ. ನಮ್ಮ ಬೀದಿಯ ಪಾಲಿಗೆ ಬಂದವರು ರಾಯರು. ಗೇಟಿಗೆ ಬೀಗ, ನೀರಿನ ಸಂಪಿನ ಮುಚ್ಚಳಕ್ಕೆ ಬೀಗ, ಸ್ಕೂಟರಿಗೆ ಹ್ಯಾಂಡಲ್ ಲಾಕ್ ಸಾಲದೆಂದು ಒಂದು ಸರಪಳಿ. ಹಾಕಿದ ಬೀಗವನ್ನು ಜಗ್ಗಿ ನೋಡಿ ಹೊರಟವರು ಬೀದಿಯ ತಿರುವಿನಿಂದ ವಾಪಸು ಬಂದು ಮತ್ತೊಮ್ಮೆ ಜಗ್ಗುತ್ತಾರೆ. ಕೀ ಮಾತ್ರ ತುಳಸಿಕಟ್ಟೆಯ ಹಿಂದಿನ ಕುಂಡದ ಕೆಳಗೆ. ಅದು ಹಾಲಿನವನಿಗೂ ಗೊತ್ತು, ಪೇಪರಿನವನಿಗೂ ಗೊತ್ತು.

ದೊಡ್ಡ ಮಗ ಲ್ಯಾಪ್‌ಟಾಪ್ ತಂದುಕೊಟ್ಟ ಮೇಲೆ ಈ ಖಯಾಲಿ ಕಂಪ್ಯೂಟರಿಗೆ ದಾಟಿತು. ಬಡಾವಣೆ ಸಂಘದ ಲೆಕ್ಕಪತ್ರ, ಸತ್ಯನಾರಾಯಣ ಪೂಜೆಯ ಕರೆಯೋಲೆ, ಮನೆಯವರ ಪುಳಿಯೋಗರೆ ಗೊಜ್ಜಿನ ಅಳತೆ, ಎಲ್ಲವೂ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿಯೇ ಬರತೊಡಗಿದವು. ಪಾಸ್‌ವರ್ಡ್ ಎಲ್ಲಿ ಎಂದು ಹುಡುಕಬೇಕಾಗಿಲ್ಲ. ಅದೇ ಇಮೇಲಿನ ಕೊನೆಯಲ್ಲಿ ದಪ್ಪಕ್ಷರದಲ್ಲಿ, ಕೆಳಗೆ ಗೆರೆ ಎಳೆಸಿಕೊಂಡು ಕೂತಿರುತ್ತಿತ್ತು. ಕೇಳಿದರೆ, "ಮತ್ತೆ ನೀವು ತೆಗೆಯೋದು ಹೇಗ್ರೀ?"

ಮೇಲ್ ಕದ್ದವನಿಗೆ ಎರಡೂ ಒಟ್ಟಿಗೆ ಸಿಗಬಾರದು, ಪಾಸ್‌ವರ್ಡ್ ಬೇರೆ ದಾರಿಯಲ್ಲಿ ಹೋಗಬೇಕು ಎಂದು ಬೆಂಗಳೂರಿನ ಸೋದರಳಿಯ ತಿಳಿಹೇಳಿದ. ರಾಯರು ಒಪ್ಪಿದರು. ಅಂದಿನಿಂದ ಮಹಡಿಯ ಮೇಲೆ ನಿಂತು ಮೊಬೈಲಿನಲ್ಲಿ ಕೂಗುವುದು ಶುರುವಾಯಿತು. "ಕ್ಯಾಪಿಟಲ್ ಆರ್! ರಾಮನಗರದ ಆರ್! ಆಮೇಲೆ ಒಂದು, ಎರಡು, ಮೂರು!" ಕೆಳಗೆ ತರಕಾರಿ ಗಾಡಿಯವನು ತಕ್ಕಡಿ ಎತ್ತಿ ಹಿಡಿದವನು ಹಾಗೇ ತಲೆಯೆತ್ತಿ, "ಸಾರ್, ಹೋದ ಸಲ ಕೊನೇಲಿ ಅಟ್ ಇತ್ತಲ್ವಾ?" ಅಂದ. ರಾಯರು ಅವನಿಗೆ ಥ್ಯಾಂಕ್ಸ್ ಹೇಳಿ ತಿದ್ದಿಕೊಂಡರು.

ಸರ್ಕಾರದ ಬೀಗಗಳ ಬಗ್ಗೆ ಅವರಿಗೆ ತಾತ್ಸಾರ. ಇ-ಆಧಾರ್ ಪಿಡಿಎಫ್ ತೆರೆಯಲು ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಹುಟ್ಟಿದ ವರ್ಷ, ಅಷ್ಟೇ. "ಇದೇನು ಬೀಗಾನೇನ್ರೀ? ನನ್ನ ಹೆಸರು ಗೇಟಿನ ಮೇಲಿದೆ, ವರ್ಷ ಷಷ್ಟ್ಯಬ್ದಿ ಕರೆಯೋಲೆಯಲ್ಲಿದೆ!" ಮಾತು ನಿಜವೇ. ಆದರೆ ಹಾಗೆಂದವರು ಮಾರನೆಯ ದಿನ ಅದೇ ಪಿಡಿಎಫನ್ನು ಸರ್ಕಲ್ಲಿನ ಜೆರಾಕ್ಸ್ ಅಂಗಡಿಯ ಗೋಡೆ ಮೇಲೆ ಬರೆದಿರುವ ಇಮೇಲಿಗೆ ಕಳಿಸಿ, ಸಾಲಿನಲ್ಲಿ ನಿಂತು ಹುಡುಗನಿಗೆ ಪಾಸ್‌ವರ್ಡ್ ಹೇಳಿ ಬರೆಸಿದರು. (ಆ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅರ್ಧ ಮೈಸೂರು ಬಿದ್ದುಕೊಂಡಿದೆ. ಕಳ್ಳನಾದವನು ರಷ್ಯಾದಲ್ಲಿ ಕೂತು ಯಾಕೆ ಕಷ್ಟಪಡುತ್ತಾನೋ!)

ಆಮೇಲೆ ಬಂದದ್ದು ಜಿಪ್ ಯುಗ. ಸೋದರಳಿಯ 7-ಜಿಪ್ ಹಾಕಿಕೊಟ್ಟ. 256 ಬಿಟ್‌ನ ಎಇಎಸ್ ಗೂಢಲಿಪಿ, ಪಾಸ್‌ವರ್ಡ್ ಒಂದು ಗಟ್ಟಿಯಾಗಿದ್ದರೆ ಬ್ರಹ್ಮನಿಗೂ ಬಿಚ್ಚಲಾಗದು ಎಂದ. ರಾಯರು ತಮ್ಮ ಉಯಿಲನ್ನು ಅದರಲ್ಲಿ ಕಟ್ಟಿ ಇಬ್ಬರು ಮಕ್ಕಳಿಗೂ ಮೇಲ್ ಮಾಡಿದರು, ಕಾಲಾನಂತರ ವಕೀಲರು ಪಾಸ್‌ವರ್ಡ್ ಕೊಡುವ ಏರ್ಪಾಡು. ಏರ್ಪಾಡೇನೋ ಪಕ್ಕಾ. ಆದರೆ ಜಿಪ್ಪಿನಲ್ಲಿ ಒಳಗಿನ ಬರಹ ಮುಚ್ಚಿಹೋಗುತ್ತದೆಯೇ ಹೊರತು ಕಡತದ ಹೆಸರು ಮುಚ್ಚುವುದಿಲ್ಲ. ಪಾಸ್‌ವರ್ಡ್ ಇಲ್ಲದವನಿಗೂ ಅದು ಕಾಣುತ್ತದೆ. ರಾಯರು ಇಟ್ಟಿದ್ದ ಹೆಸರು "ಉಯಿಲು - ವಿಜಯನಗರ ಸೈಟು ಚಿಕ್ಕವನಿಗೆ - ದೊಡ್ಡವನಿಗೆ ಗೊತ್ತಾಗಬಾರದು". ಆ ವರ್ಷ ದೊಡ್ಡವನು ದಸರೆಗೆ ಬರಲಿಲ್ಲ.

ಇದರಿಂದ ರಾಯರು ಕಲಿತದ್ದು ಇನ್ನೂ ದೊಡ್ಡ ಬೀಗ ಬೇಕೆಂದು. ಫಿಲ್ ಝಿಮ್ಮರ್‌ಮನ್ ಎಂಬಾತ 1991ರಲ್ಲಿ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶವನ್ನು ಜನರ ಕೈಗೆ ಪುಕ್ಕಟೆ ಕೊಟ್ಟಾಗ, ಅಮೆರಿಕದ ಸರ್ಕಾರ ಶಸ್ತ್ರಾಸ್ತ್ರ ರಫ್ತಿನ ಕಾನೂನು ಹಿಡಿದು ತನಿಖೆಗಿಳಿದಿತ್ತು, 1996ರಲ್ಲಷ್ಟೇ ಕೈಬಿಟ್ಟಿತು. ಇದನ್ನೋದಿದ ಮೇಲೆ ರಾಯರನ್ನು ಹಿಡಿಯುವವರಿಲ್ಲ. "ಮದ್ದುಗುಂಡಿನ ಪಟ್ಟಿಯಲ್ಲಿದ್ದ ಸಾಮಾನಂತೆ ಕಣ್ರೀ, ನಮ್ಮನೆ ಲ್ಯಾಪ್‌ಟಾಪಿಗೆ ಬರ್ತಿದೆ!"

ಸೋದರಳಿಯ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ಪಿಜಿಪಿಯ ಜೋಡಿ ಕೀಲಿ ಮಾಡಿಕೊಟ್ಟ. "ಮಾವ, ಇದು ಅಂಚೆ ಡಬ್ಬದ ಹಾಗೆ. ಯಾರು ಬೇಕಾದರೂ ಕಾಗದ ಹಾಕಬಹುದು, ತೆಗೆಯೋನು ಕೀ ಇರೋನೊಬ್ಬನೇ. ಪಬ್ಲಿಕ್ ಕೀ ಊರಿಗೆಲ್ಲ ಹಂಚಿ. ಪ್ರೈವೇಟ್ ಕೀ ಯಾರಿಗೂ ಕೊಡಬೇಡಿ. ಕಳೆದುಹೋದರೆ ಮಾತ್ರ ಬಂದ ಕಾಗದ ನಿಮಗೂ ಇಲ್ಲ, ದೇವರಿಗೂ ಇಲ್ಲ."

ಬ್ಯಾಂಕಿನಲ್ಲಿ ಸರ್ವೀಸು ಸವೆಸಿದ ಜೀವ. ಕೀಲಿಯೊಂದನ್ನು ಊರಿಗೆ ಹಂಚುವುದು ಅವರಿಂದ ಆಗುವ ಮಾತಲ್ಲ. ಪಬ್ಲಿಕ್ ಕೀಯನ್ನು ಪೆನ್‌ಡ್ರೈವಿಗೆ ಹಾಕಿ ಗಾಡ್ರೆಜ್ ಬೀರುವಿನೊಳಗೆ, ಬೆಳ್ಳಿ ಪಂಚಪಾತ್ರೆಯ ಪಕ್ಕ ಇಟ್ಟರು. ಪ್ರೈವೇಟ್ ಕೀ ಕಳೆದರೆ ಕಷ್ಟ ಎಂದನಲ್ಲ, ಅದನ್ನು ಜೋಪಾನಕ್ಕಿರಲಿ ಎಂದು ಮಕ್ಕಳಿಗೆ, ವಕೀಲರಿಗೆ, ಬೀಗರಿಗೆ ಒಂದೊಂದು ಪ್ರತಿ ಮೇಲ್ ಮಾಡಿದರು.

ರಾಯರನ್ನು ನೋಡಿ ನಗುವವರಿಗೆ ಒಂದು ಮಾತು. 1999ರಲ್ಲಿ ಆಲ್ಮಾ ವಿಟನ್ ಮತ್ತು ಡೌಗ್ ಟೈಗರ್ ಎಂಬ ಸಂಶೋಧಕರು 12 ಜನರನ್ನು ಇದೇ ಪಿಜಿಪಿಯ ಮುಂದೆ ಕೂರಿಸಿದ್ದರು. ಒಂದೂವರೆ ಗಂಟೆ ಕಾಲಾವಕಾಶ. ಸರಿಯಾಗಿ ಸಹಿಮಾಡಿ ಗೂಢಲಿಪಿಯಲ್ಲಿ ಕಳಿಸಿದವರು ಮೂರರಲ್ಲೊಂದು ಪಾಲು. ಮೂವರಂತೂ ಗುಟ್ಟನ್ನು ಗುಟ್ಟು ಮಾಡದೆಯೇ ಕಳಿಸಿಬಿಟ್ಟಿದ್ದರು. ಅವರೆಲ್ಲ ಇಮೇಲ್ ಬಲ್ಲವರೇ. ಬೀಗ ಮಾಡುವವರು ರಾಯರಂಥವರನ್ನು ಕೂರಿಸಿಕೊಂಡು ಬೀಗ ಮಾಡುವುದಿಲ್ಲ, ನನ್ನ ತಕರಾರು ಅದು.

ಆ ಮನೆಯಲ್ಲಿ ನಿಜವಾದ ಗೂಢಲಿಪಿಜ್ಞರು ರಾಯರ ಮನೆಯವರು. ಅವರ ಪಾಸ್‌ವರ್ಡುಗಳೆಲ್ಲ ಒಂಟಿಕೊಪ್ಪಲ್ ಪಂಚಾಂಗದ ಕೊನೆಯ ಪುಟದಲ್ಲಿ, ಸಾರಿನ ಪುಡಿಯ ಅಳತೆಯ ನಡುವೆ, ಮೆಣಸು ಯಾವುದು ಪಾಸ್‌ವರ್ಡ್ ಯಾವುದು ತಿಳಿಯದಂತೆ ಸೇರಿಕೊಂಡಿವೆ. ಬ್ರೂಸ್ ಶ್ನೈಯರ್‌ನಂಥ ಭದ್ರತಾ ಪಂಡಿತರೇ 2005ರಲ್ಲಿ, ಗಟ್ಟಿ ಪಾಸ್‌ವರ್ಡ್ ಇಟ್ಟು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ ಎಂದಿದ್ದರು. ಆಕೆ ಯಾರನ್ನೂ ಓದಿದವರಲ್ಲ. ಇದನ್ನು ನಾನು ರಾಯರೆದುರು ಹೊಗಳಬಾರದಿತ್ತೇನೋ. ಅವರಿಗೆ ಎದೆ ಧಸಕ್ಕೆಂದಿತು, ಪಂಚಾಂಗ ಅವತ್ತೇ ಬೀರು ಸೇರಿತು.

ಮೊನ್ನೆ ಆಕೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು: "ಇವತ್ತು ರಾಹುಕಾಲ ಎಷ್ಟು ಹೊತ್ತಿಗೆ ಅಂತ ಕೇಳಿದ್ರೆ, ನಿನ್ನ ಮೊಬೈಲಿಗೆ ಒಟಿಪಿ ಕಳಿಸಿದೀನಿ, ಹೇಳು ಅಂತಾರೆ ಕಣ್ರೀ ಇವರು."