ಜ್ಯೂರಿವರಣ ಮೀಮಾಂಸೆ: ಬ್ರಿಟಿಷ್ ಭಾರತದ ಆರೋಪಿಗಳಿಗೊಂದು ಬಹುಶಿಸ್ತೀಯ ಕೈಪಿಡಿ

ಪ್ರಸ್ತುತ ಸಂಪ್ರಬಂಧವು, ಆರೋಪಿಯಾದವನು ಜ್ಯೂರಿಯ ಮುಂದೆ ನಿಲ್ಲುವುದು ಶ್ರೇಯಸ್ಕರವೋ ಬರಿಯ ನ್ಯಾಯಾಧೀಶರ ಮುಂದೆಯೋ ಎಂಬ ಜ್ವಲಂತ ಸಮಸ್ಯೆಯನ್ನು, ವಸಾಹತುಕಾಲೀನ ಪರಿಪ್ರೇಕ್ಷ್ಯದಲ್ಲಿ, ಸೈದ್ಧಾಂತಿಕ ಚೌಕಟ್ಟಿನ ಒಳಗೂ ಅಗತ್ಯಬಿದ್ದಲ್ಲಿ ಹೊರಗೂ ನಿಂತು ಪರಾಮರ್ಶಿಸುತ್ತದೆ. ಆ ಆರೋಪಿಗಳೆಲ್ಲ ತೀರಿಹೋಗಿದ್ದಾರೆಂಬುದು ಸಂಶೋಧನೆಗೆ ಅಡ್ಡಿಯಲ್ಲ. ಮಾರ್ಗದರ್ಶಕರ ಅಭಿಪ್ರಾಯದಲ್ಲಿ ಅದೊಂದು ಸೌಕರ್ಯ.

ಆರೋಪಿಗಳು ನಾಲ್ಕು ವಿಧ: ಶ್ವೇತಚರ್ಮಿ, ಶ್ವೇತೇತರಚರ್ಮಿ, ಶ್ವೇತಾಶ್ರಿತ, ಸಂಕೀರ್ಣ.

ಶ್ವೇತಚರ್ಮಿಯ ವರಣಸಾಮರ್ಥ್ಯವನ್ನು ಮೊದಲು ಪರಿಶೀಲಿಸೋಣ. ಭಾರತೀಯರಾದ ಬಿಹಾರಿಲಾಲ್ ಗುಪ್ತರು ಕಲ್ಕತ್ತೆಯಲ್ಲಿ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರಾಗಿದ್ದಾಗ ಯುರೋಪಿಯನ್ನರನ್ನು ವಿಚಾರಣೆ ಮಾಡಬಹುದಿತ್ತು. ಬಡ್ತಿ ಪಡೆದು ಜಿಲ್ಲೆಗೆ ಹೋದರೆ ಆ ಅಧಿಕಾರ ಇಲ್ಲ. ಈ ವಿದ್ಯಮಾನಕ್ಕೆ ‘ಉನ್ನತಿಜನ್ಯ ಅಧೋಗತಿ’ ಎಂದು ನಾಮಕರಣ ಮಾಡಲು ವಿದ್ವತ್ಸಭೆಯ ಅನುಮತಿ ಕೋರುತ್ತೇನೆ. ಇದನ್ನು ಸರಿಪಡಿಸಹೊರಟ 1883ರ ಇಲ್ಬರ್ಟ್ ಮಸೂದೆಗೆ ತೋಟದ ದೊರೆಗಳೂ ವ್ಯಾಪಾರಿಗಳೂ ಬೊಬ್ಬೆ ಹಾಕಿದರು. 1884ರಲ್ಲಿ ರಾಜಿಯಾಯಿತು: ಯುರೋಪಿಯನ್ ಆರೋಪಿ ಜ್ಯೂರಿಯನ್ನು ಕೇಳಿ ಪಡೆಯಬಹುದು, ಅದರಲ್ಲಿ ಅರ್ಧದಷ್ಟಾದರೂ ಯುರೋಪಿನವರು ಅಥವಾ ಅಮೆರಿಕದವರು ಇರಬೇಕು. ಅಮೆರಿಕದವರು ಯಾವ ಲೆಕ್ಕದಲ್ಲಿ ಬಂದರೆಂದು ಕೇಳುವವರು ಚರ್ಮಶಾಸ್ತ್ರದ ಮೊದಲ ಪಾಠವನ್ನೇ ಓದಿಲ್ಲ.

ಇನ್ನು ಗುಲ್ಮಸಿದ್ಧಾಂತ. ಆ ಕಾಲದ ನ್ಯಾಯಾಲಯಗಳ ಪ್ರಕಾರ ಭಾರತೀಯ ಆಳಿನ ದೇಹದಲ್ಲಿ ಗುಲ್ಮವೆಂಬ ಅಂಗ ಸದಾ ಊದಿಕೊಂಡು, ದೊರೆಯ ಕೈ ಸೋಕಿದೊಡನೆ ಒಡೆಯಲು ಕಾದಿರುತ್ತಿತ್ತು. ಮಲೇರಿಯಾದಿಂದ ಗುಲ್ಮ ಊದುವುದು ನಿಜ. ಕೈ ಎತ್ತಿದವನು ಯಾರೆಂಬುದೂ ನಿಜವೇ. 1875ರಲ್ಲಿ ಆಗ್ರಾದ ಫುಲ್ಲರ್ ಎಂಬ ವಕೀಲ ಚರ್ಚಿಗೆ ಹೊರಟಾಗ ಗಾಡಿ ತರಲು ತಡವಾಯಿತೆಂದು ಕುದುರೆಯಾಳಿಗೆ ಹೊಡೆದ. ಆಳು ಸತ್ತ. ಇಲ್ಲಿ ಜ್ಯೂರಿಯ ಅಗತ್ಯವೇ ಬೀಳಲಿಲ್ಲ. ಬಿಳಿ ಮ್ಯಾಜಿಸ್ಟ್ರೇಟರೊಬ್ಬರೇ ಮೂವತ್ತು ರೂಪಾಯಿ ದಂಡ ಹಾಕಿ ಮುಗಿಸಿದರು. ವೈಸರಾಯ್ ಲಿಟ್ಟನ್‌ಗೇ ಇದು ಅತಿಯೆನಿಸಿತು. ಆತ ಆಕ್ಷೇಪಿಸಿದ್ದಕ್ಕೆ ಇಲ್ಲಿನ ಇಂಗ್ಲಿಷರು ಆತನ ಮೇಲೆಯೇ ಹರಿಹಾಯ್ದರು.

ಮೂವತ್ತು ರೂಪಾಯಿ! ಇದಕ್ಕೆ ಯಾವ ಸೈದ್ಧಾಂತಿಕ ಚೌಕಟ್ಟು ಹೊಂದಿಸಲಿ? ಶ್ವೇತಾಶ್ರಿತ, ಸಂಕೀರ್ಣ ಎಂಬ ವರ್ಗಗಳನ್ನು ಇಲ್ಲಿಗೇ ಕೈಬಿಟ್ಟಿದ್ದೇನೆ. ಪರೀಕ್ಷಕರು ಅಂಕ ಕಳೆಯಲಿ.

ಇಂದು ಜ್ಯೂರಿ ಎಂದರೆ ಎಲ್ಲರೂ ನಾನಾವತಿಯ ಹೆಸರು ಹೇಳುತ್ತಾರೆ. 1959ರಲ್ಲಿ ಮುಂಬಯಿಯ ಜ್ಯೂರಿ, ಗುಂಡಿಕ್ಕಿ ಕೊಂದ ಆರೋಪ ಹೊತ್ತ ಆ ನೌಕಾಧಿಕಾರಿಯನ್ನು ಎಂಟು-ಒಂದು ಬಹುಮತದಿಂದ ನಿರ್ದೋಷಿ ಎಂದಿತು, ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ತೀರ್ಪು ಮಗುಚಿತು. ಜನ ಭಾವುಕರು, ಪತ್ರಿಕೆಗಳಿಗೆ ಮರುಳಾಗುತ್ತಾರೆ, ಅದಕ್ಕೇ ಜ್ಯೂರಿ ಹೋಯಿತು ಎಂದು ವಿಚಾರ ಸಂಕಿರಣಗಳಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಜ್ಯೂರಿಯನ್ನು ತೆಗೆದುಹಾಕಿ ಎಂದು ಕಾನೂನು ಆಯೋಗ ಹೇಳಿದ್ದು 1958ರಲ್ಲಿ, ನಾನಾವತಿಯ ಗುಂಡು ಹಾರುವ ಮುನ್ನವೇ. ಇರಲಿ. ತಲೆಮಾರುಗಟ್ಟಲೆ ತಮ್ಮವರನ್ನು ಬಿಡಿಸಿ ಮನೆಗೆ ಕಳಿಸಿದ ಬಿಳಿ ಜ್ಯೂರಿಗಳು ಯಾವ ಪತ್ರಿಕೆಗೆ ಮರುಳಾಗಿದ್ದವು ಸ್ವಾಮಿ? ಅವರ ಭಾವುಕತೆಯ ಬಗ್ಗೆ ಒಂದಾದರೂ ಗೋಷ್ಠಿ ನಡೆಸಿ, ಊಟದ ಖರ್ಚು ನನ್ನದು.

ಉಳಿದದ್ದು ಶ್ವೇತೇತರಚರ್ಮಿ. ಉದಾಹರಣೆಗೆ ಬಾಲಗಂಗಾಧರ ತಿಲಕ್, 1908, ಮುಂಬಯಿ ಹೈಕೋರ್ಟ್. ಅಪರಾಧ, ‘ಕೇಸರಿ’ಯಲ್ಲಿ ಬರೆದ ಮರಾಠಿ ಲೇಖನಗಳು. ಜ್ಯೂರಿಯಲ್ಲಿ ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಅನುವಾದ ತಪ್ಪಿದೆ, ಮೂಲದ ಧ್ವನಿ ಬೇರೆ ಎಂದು ತಿಲಕರು ತಾವೇ ನಿಂತು ದಿನಗಟ್ಟಲೆ ಆ ಒಂಬತ್ತು ಜನರಿಗೆ ಬಿಡಿಸಿ ಹೇಳಿದರು. ಏಳು ಜನ ಅಪರಾಧಿ ಎಂದರು, ಇಬ್ಬರು ಅಲ್ಲ ಎಂದರು.

ಹಾಗಾದರೆ ಜ್ಯೂರಿ ಬೇಡ, ನ್ಯಾಯಾಧೀಶರೇ ವಾಸಿ ಎನ್ನೋಣವೇ? ಪೀಠದಲ್ಲಿದ್ದವರು ದಿನ್ಶಾ ದಾವರ್. 1897ರಲ್ಲಿ ಇದೇ ತಿಲಕರ ಮೇಲೆ ಇದೇ ರಾಜದ್ರೋಹದ ಆರೋಪ ಬಂದಾಗ ಅವರ ವಕೀಲರಾಗಿ ನಿಂತು ಜಾಮೀನು ಕೊಡಿಸಿದ್ದವರು ಅವರೇ. ಈ ಬಾರಿ ಬಹುಮತವನ್ನು ಒಪ್ಪಿ, ಆರು ವರ್ಷ ಗಡೀಪಾರು ವಿಧಿಸಿದರು. ತಿಲಕರನ್ನು ಮಂಡಾಲೆಗೆ ಸಾಗಿಸಲಾಯಿತು.